ಕಡತದೊಳಗಿನ ಬಳಗ: ಆಸ್ಟ್ರೇಲಿಯಾದ ಮೂಲನಿವಾಸಿಗಳ ವಂಶಾವಳಿ ಮತ್ತು ಸರ್ಕಾರಿ ದಾಖಲೆ

ಆಸ್ಟ್ರೇಲಿಯಾದ ಮೂಲನಿವಾಸಿಗಳು ಹೊಸಬರನ್ನು ಕಂಡಾಗ ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಸೀಮೆಯವರು, ಯಾರ ಪೈಕಿ ಎಂದು. ಇದಕ್ಕೆ ಉತ್ತರ ಗೊತ್ತಿಲ್ಲದ ಸಾವಿರಾರು ಜನರನ್ನು 20ನೆಯ ಶತಮಾನದ ಕಾನೂನುಗಳೇ ಸೃಷ್ಟಿಸಿದವು. ನ್ಯೂ ಸೌತ್ ವೇಲ್ಸ್‌ನ 1909ರ ಕಾಯ್ದೆಯಂತೆ ಸರ್ಕಾರ ಮೂಲನಿವಾಸಿ ಮಗುವನ್ನು ಮನೆಯವರಿಂದ ಒಯ್ಯಬೇಕಾದರೆ ಅದಕ್ಕೆ ಪಾಲನೆಯಿಲ್ಲವೆಂದು ನ್ಯಾಯಾಲಯಕ್ಕೆ ತೋರಿಸಬೇಕಿತ್ತು; 1915ರ ತಿದ್ದುಪಡಿ ಆ ತೊಡಕನ್ನೂ ನಿವಾರಿಸಿತು. ಹೀಗೆ ಒಯ್ದ ಹುಡುಗಿಯರನ್ನು ಕೂಟಮಂಡ್ರಾದ ನಿಲಯದಲ್ಲಿ ಬಿಳಿಯರ ಮನೆಗೆಲಸಕ್ಕೆ ತಯಾರು ಮಾಡಿದರು. 1924ರಲ್ಲಿ ಆರಂಭವಾದ ಕಿಂಚೆಲಾ ನಿಲಯದಲ್ಲಿ ಹುಡುಗರನ್ನು ಸಂಖ್ಯೆಯಿಂದ ಕರೆದರು.

ಅಧಿಕಾರಿಗಳ ಕಣ್ಣಿಗೆ ಕುಟುಂಬವೆಂದರೆ ಒಂದು ಸೂರು, ತಂದೆ, ತಾಯಿ. ಅನೇಕ ಮೂಲನಿವಾಸಿ ಸಮುದಾಯಗಳಲ್ಲಾದರೋ ತಾಯಿಯ ಅಕ್ಕತಂಗಿಯರೂ ತಾಯಂದಿರೇ, ತಂದೆಯ ಅಣ್ಣತಮ್ಮಂದಿರೂ ತಂದೆಯರೇ. ದೊಡ್ಡಮ್ಮ, ಚಿಕ್ಕಪ್ಪ ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಕರಿಯೆರಾ ಜನರ ನಂಟಿನ ಕಟ್ಟನ್ನು ದ್ರಾವಿಡ ಪದ್ಧತಿಯೊಂದಿಗೆ ಹೋಲಿಸಿ ಮಾನವಶಾಸ್ತ್ರಜ್ಞರು ಬಹುಕಾಲ ಚರ್ಚಿಸಿದ್ದಾರೆ. ಇಂಥ ಕಡೆ ಒಂದು ಕೂಸನ್ನು ಒಯ್ದರೆ ಹಲವು ತಾಯಂದಿರ ಮಡಿಲು ಬರಿದಾಗುತ್ತಿತ್ತು. 1910ರಿಂದ 1970ರ ನಡುವೆ ಹತ್ತರಲ್ಲಿ ಒಂದರಿಂದ ಮೂರರಲ್ಲಿ ಒಂದರವರೆಗೆ ಮಕ್ಕಳನ್ನು ಹೀಗೆ ಬೇರ್ಪಡಿಸಲಾಯಿತೆಂದು 1997ರ ರಾಷ್ಟ್ರೀಯ ವಿಚಾರಣಾ ವರದಿ ಅಂದಾಜಿಸಿತು.

ವಿಚಿತ್ರವೆಂದರೆ, ಬೇರ್ಪಡಿಸಿದವರೂ ಅಧ್ಯಯನಕ್ಕೆಂದು ಬಂದವರೂ ಬರೆದಿಟ್ಟ ಕಾಗದಗಳೇ ಇಂದು ಬಳಗ ಹುಡುಕುವವರಿಗೆ ಆಸರೆ. ಮಾನವಶಾಸ್ತ್ರಜ್ಞರಾದ ನಾರ್ಮನ್ ಟಿಂಡೇಲ್ ಮತ್ತು ಜೋಸೆಫ್ ಬರ್ಡ್‌ಸೆಲ್ 1938-39ರಲ್ಲಿ ಮಿಷನ್‌ಗಳನ್ನೂ ಸರ್ಕಾರಿ ವಸತಿಗಳನ್ನೂ ಸುತ್ತಿ ಜನರ ದೇಹ ಅಳೆದರು, ಭಾವಚಿತ್ರ ತೆಗೆದರು, ವಂಶಾವಳಿ ಬರೆದುಕೊಂಡರು. ಅವರ ಕುತೂಹಲವಿದ್ದದ್ದು ಜನಾಂಗ ಮಿಶ್ರಣದಲ್ಲಿ. ಎದುರಿಗೆ ಕೂತವರ ಮೊಮ್ಮಕ್ಕಳ ಅಗತ್ಯ ಅವರ ಲೆಕ್ಕದಲ್ಲಿರಲಿಲ್ಲ. ಅಡಿಲೇಡ್‌ನ ಸೌತ್ ಆಸ್ಟ್ರೇಲಿಯನ್ ಮ್ಯೂಸಿಯಂನಲ್ಲಿರುವ ಆ ಹಾಳೆಗಳಲ್ಲಿ ಎಷ್ಟೋ ಕುಟುಂಬಗಳು ತಮ್ಮ ಮುತ್ತಜ್ಜಿಯ ಹೆಸರನ್ನೂ ಮುಖವನ್ನೂ ಕಂಡಿವೆ. ಭೂಹಕ್ಕಿನ ದಾವೆಗಳಲ್ಲೂ ಅವು ಪುರಾವೆಯಾಗಿವೆ. ಹುಡುಕುವ ಕೆಲಸಕ್ಕೆ ಸಂಸ್ಥೆಯ ರೂಪ ಬಂದದ್ದು 1980ರಲ್ಲಿ, ಕೂಟಮಂಡ್ರಾದಲ್ಲಿ ಬೆಳೆದ ಕೋರಲ್ ಎಡ್ವರ್ಡ್ಸ್ ಹಾಗೂ ಇತಿಹಾಸಕಾರ ಪೀಟರ್ ರೀಡ್ ಲಿಂಕ್-ಅಪ್ ಕಟ್ಟಿದಾಗ. ಇಂಥ ದಾಖಲೆಗಳನ್ನು ನಾಶಮಾಡಬಾರದೆಂದು 1997ರ ವರದಿಯೂ ಶಿಫಾರಸು ಮಾಡಿತು.

ಆದರೂ ಕಾಗದವೊಂದೇ ಸಾಲದು. ಭೂಹಕ್ಕಿನ ಕುರಿತಾದ 1992ರ ಮಾಬೊ ತೀರ್ಪಿನಲ್ಲಿ ನ್ಯಾಯಮೂರ್ತಿ ಬ್ರೆನನ್ ಒಬ್ಬರು ಮೂಲನಿವಾಸಿಯೆನಿಸಲು ಬೇಕಾದ ಮೂರು ಅಂಶಗಳನ್ನು ಹೇಳಿದರು: ವಂಶ, ತಾನು ಆ ಜನರವನೆಂಬ ಸ್ವಂತ ಗುರುತು, ಹಿರಿಯರ ಒಪ್ಪಿಗೆ. ಈ ಅಳತೆಗೆ ಒಳಪಡುವವರು ಹೊರದೇಶದಲ್ಲಿ ಹುಟ್ಟಿದ್ದರೂ ಸಂವಿಧಾನದ ಅರ್ಥದಲ್ಲಿ ಪರದೇಶಿಗಳಲ್ಲವೆಂದು 2020ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್ 4-3ರ ಬಹುಮತದಿಂದ ಹೇಳಿತು. ನಂಟಿಗೆ ಸಿಕ್ಕ ಈ ಮನ್ನಣೆ ದೊಡ್ಡದೇ. ಆದರೆ ಬೇರ್ಪಟ್ಟವರ ಸಂತತಿಗೆ ಕಷ್ಟವಾಗುವುದು ಮೂರನೆಯ ಅಂಶ. ಅವರನ್ನು ಗುರುತಿಸಬಲ್ಲ ಹಿರಿಯರಿಂದ ದೂರ ಮಾಡಿದ್ದು ಸರ್ಕಾರ. ಮೂಲನಿವಾಸಿಗಳಿಗೆ ಮೀಸಲಾದ ಸೌಲಭ್ಯ ಬೇಕೆಂದರೆ ಪುರಾವೆ ಕೇಳುವುದೂ ಸರ್ಕಾರವೇ. ನ್ಯೂ ಸೌತ್ ವೇಲ್ಸ್‌ನಲ್ಲಿ ದೃಢೀಕರಣ ಕೊಡುವ ಸ್ಥಳೀಯ ಮೂಲನಿವಾಸಿ ಭೂಮಂಡಳಿಗಳ ಮುಂದೆ ಇಂಥವರು ಇಡಬಹುದಾದ ಸಾಕ್ಷ್ಯ ಹಲವೊಮ್ಮೆ ತಮ್ಮ ಅಜ್ಜಿಯನ್ನು ಒಯ್ದ ಇಲಾಖೆಯ ಕಡತವೇ.