ಕೋಳಿಯೊಳಗೆ ಮಲಗಿದ್ದ ವೈರಸ್

ವಿಜಯನಗರದಲ್ಲೋ ಕೆಂಗೇರಿಯಲ್ಲೋ ಭಾನುವಾರ ಚಿಕನ್‌ಗೆ ಕ್ಯೂ ನಿಲ್ತೀವಲ್ಲ, ಕ್ಯಾನ್ಸರ್ ಬಗ್ಗೆ ಜಗತ್ತಿಗೆ ದೊಡ್ಡ ಪಾಠ ಹೇಳಿದ್ದು ಅದೇ ಕೋಳಿ.

1911ರಲ್ಲಿ ನ್ಯೂಯಾರ್ಕಿನ ಪೇಟನ್ ರೌಸ್ ಕೋಳಿಯೊಂದರ ಗೆಡ್ಡೆಯನ್ನು ಅರೆದು, ಬ್ಯಾಕ್ಟೀರಿಯಾ ಕೂಡ ದಾಟದಂತೆ ಸೋಸಿ, ಆ ರಸವನ್ನು ಬೇರೆ ಕೋಳಿಗೆ ಚುಚ್ಚಿದರು. ಅದಕ್ಕೂ ಗೆಡ್ಡೆ ಬಂತು. ಕಾರಣ ಒಂದು ವೈರಸ್. ಇದಕ್ಕೆ ನೊಬೆಲ್ ಸಿಗೋಕೆ 1966 ಆಗಬೇಕಾಯಿತು!

ಅದೇ ದಶಕದ ಕೊನೆಗೆ ಲಂಡನ್ನಿನ ರಾಬಿನ್ ವೈಸ್‌ಗೆ ಇನ್ನೊಂದು ವಿಚಿತ್ರ ಕಾಣಿಸಿತು. ಸೋಂಕೇ ಇಲ್ಲದ ಕೋಳಿಯ ಜೀವಕೋಶಗಳಲ್ಲೂ ವೈರಸ್ಸಿನ ಪ್ರೋಟೀನ್! ವೈರಸ್ಸಿನ ಜೀನ್‌ಗಳು ತಂದೆ-ತಾಯಿಯಿಂದ ಮರಿಗೆ ಆಸ್ತಿಯ ಹಾಗೆ ಬರ್ತಿವೆ ಅಂತ ಅವರು ಬರೆದರೆ, ಇದು ಅಸಾಧ್ಯ ಅಂತ ಲೇಖನ ವಾಪಸ್ ಬಂತು. ಫಾರಂ ಕೋಳಿಗಷ್ಟೇ ಹೀಗಾ ಅಂತ ನೋಡೋಕೆ ಮಲೇಷ್ಯಾದ ಕಾಡಿಗೆ ಹೋದರು. ಸಾಕುಕೋಳಿಯ ಪೂರ್ವಜ ಕೆಂಪು ಕಾಡುಕೋಳಿಯಲ್ಲೂ ಅದೇ ಜೀನ್ ಸಿಕ್ಕಿತು. ನಮ್ಮ ಪಶ್ಚಿಮ ಘಟ್ಟದ ಬೂದು ಕಾಡುಕೋಳಿಯ ಜಾತಿಯಲ್ಲಿ ಮಾತ್ರ ಇಲ್ಲ. ಅಂದರೆ ಈ ಎರಡು ಜಾತಿಗಳು ಬೇರೆಯಾದ ಮೇಲೆ ವೈರಸ್ ಒಳಹೊಕ್ಕು, ಅಲ್ಲೇ ಮಲಗಿಬಿಟ್ಟಿದೆ.

1971ರಲ್ಲಿ ವೈಸ್ ಮತ್ತು ಸಂಗಡಿಗರು ಆರೋಗ್ಯವಂತ ಕೋಳಿಯ ಜೀವಕೋಶಗಳಿಗೆ ವಿಕಿರಣ, ಕ್ಯಾನ್ಸರ್ ತರುವ ರಾಸಾಯನಿಕ ತಗುಲಿಸಿದಾಗ ಮಲಗಿದ್ದ ವೈರಸ್ ಎದ್ದಿತು. ಈಗ ಶುರುವಾಯಿತು ನೋಡಿ ಗೊಂದಲ. ಗೆಡ್ಡೆಯಲ್ಲಿ ವೈರಸ್ ಕಂಡರೆ ಅದೇ ಅಪರಾಧಿನಾ? ಕಳ್ಳ ನುಗ್ಗಿದ ಸದ್ದಿಗೆ ಪಡಸಾಲೆಯಲ್ಲಿ ಮಲಗಿದ್ದ ಅಜ್ಜ ಎದ್ದು ಕೂತರೆ, ಬೇಡಿ ಹಾಕೋದು ಅಜ್ಜನಿಗಾ?

1979ರಲ್ಲಿ ಎಂಐಟಿಯ ರಾಬರ್ಟ್ ವೈನ್‌ಬರ್ಗ್ ತಂಡ, ರಾಸಾಯನಿಕದಿಂದ ಕೆಟ್ಟ ಇಲಿಕೋಶಗಳ ಡಿಎನ್‌ಎ ತೆಗೆದು ಬೇರೆ ಇಲಿಕೋಶಗಳಿಗೆ ಸೇರಿಸಿತು. ಅವೂ ಕೆಟ್ಟವು. 1982ರಲ್ಲಿ ಕಳ್ಳ ಸಿಕ್ಕಿಬಿದ್ದ: ಮನುಷ್ಯನ ಮೂತ್ರಕೋಶದ ಕ್ಯಾನ್ಸರಿನಲ್ಲಿ ರಾಸ್ ಎಂಬ ನಮ್ಮದೇ ಜೀನಿನ ಒಂದೇ ಒಂದು ಅಕ್ಷರ ಬದಲಾಗಿತ್ತು. ಅಲ್ಲಿ ವೈರಸ್ಸಿನ ಪಾತ್ರವೇ ಇರಲಿಲ್ಲ.

ಹಾಗಂತ ಅಜ್ಜನನ್ನು ಮರೆಯೋ ಹಾಗಿಲ್ಲ. ನಮ್ಮ ಡಿಎನ್‌ಎಯಲ್ಲೂ ಸುಮಾರು 8% ಇಂಥ ಹಳೆಯ ವೈರಸ್ಸುಗಳ ಅವಶೇಷ. ಮೀಥೈಲ್ ಎಂಬ ಪುಟ್ಟ ಚಿಲಕ ಹಾಕಿ ಜೀವಕೋಶ ಅವನ್ನು ಮಲಗಿಸಿರುತ್ತೆ. ಕ್ಯಾನ್ಸರಿನಲ್ಲಿ ಎಷ್ಟೋ ಸಲ ಆ ಚಿಲಕ ಸಡಿಲವಾಗುತ್ತೆ. 2015ರಲ್ಲಿ ಎರಡು ತಂಡಗಳು ಡೆಸಿಟಾಬಿನ್, ಅಜಾಸಿಟಿಡಿನ್ ಔಷಧಿಗಳಿಂದ ಚಿಲಕವನ್ನು ಬೇಕಂತಲೇ ತೆಗೆದವು. ಎದ್ದ ವೈರಸ್ ಜೀನ್‌ಗಳನ್ನು ಕಂಡು ಕ್ಯಾನ್ಸರ್ ಕೋಶ ತನಗೆ ಸೋಂಕು ತಗುಲಿದೆ ಅಂದುಕೊಂಡು ತಾನೇ ಅಲಾರಂ ಹೊಡೆಯಿತು. ಆ ಅಲಾರಂ ಕೇಳಿಸೋದು ದೇಹದ ರೋಗನಿರೋಧಕ ಪಡೆಗೆ.

ಒಂದು ಕಾಲದಲ್ಲಿ ಅನುಮಾನದ ಮೇಲೆ ಹಿಡಿದಿದ್ದ ಅಜ್ಜನನ್ನೇ ಈಗ ಸಾಕ್ಷಿ ಹೇಳೋಕೆ ಎಬ್ಬಿಸ್ತಿದ್ದಾರೆ.