ಇರುವೆಯ ದಾರಿ, ಹಕ್ಕಿಯ ದಾರಿ: ಇಂಚಗೇರಿಯಿಂದ ಖೇತವಾಡಿಗೆ

ದಕ್ಷಿಣ ಮುಂಬಯಿಯ ಗಿರಗಾಂವ್ ಸಮೀಪದಲ್ಲಿ ಖೇತವಾಡಿ ಎಂಬ ಬಡಾವಣೆಯಿದೆ. ಅಲ್ಲಿನ ಗಲ್ಲಿಗಳನ್ನು ಗುರುತಿಸುವುದು ಸಂಖ್ಯೆಯಿಂದ. ಹತ್ತನೆಯ ಗಲ್ಲಿಯ ಒಂದು ಮನೆಯ ಅಟ್ಟದ ಕೋಣೆಯಲ್ಲಿ 1970ರ ದಶಕದಲ್ಲಿ ದಿನವೂ ಜನ ಸೇರುತ್ತಿದ್ದರು. ಬಂದವರಲ್ಲಿ ಸುತ್ತಲಿನ ಚಾಳುಗಳ ಮರಾಠಿಗರಿದ್ದರು, ಯುರೋಪು ಅಮೆರಿಕಗಳಿಂದ ಬಂದವರೂ ಇದ್ದರು. ಅವರ ಮುಂದೆ ಕೂತು ಮರಾಠಿಯಲ್ಲಿ, ಕೆಲವೊಮ್ಮೆ ಗದರುವ ದನಿಯಲ್ಲಿ ಮಾತಾಡುತ್ತಿದ್ದವರು ಬೀಡಿ ಅಂಗಡಿ ನಡೆಸಿ ಸಂಸಾರ ಸಾಗಿಸಿದ್ದ ಮಾರುತಿ ಶಿವರಾಮಪಂತ ಕಾಂಬಳಿ. ಜಗತ್ತು ಅವರನ್ನು ಬಲ್ಲದ್ದು ನಿಸರ್ಗದತ್ತ ಮಹಾರಾಜ ಎಂಬ ಹೆಸರಿನಿಂದ. ಅವರ ಸಂಭಾಷಣೆಗಳ ಇಂಗ್ಲಿಷ್ ಅನುವಾದ 'ಐ ಆಮ್ ದಟ್' ಮುಂಬಯಿಯ ಚೇತನಾ ಪ್ರಕಾಶನದಿಂದ 1973ರಲ್ಲಿ ಹೊರಬಂತು. ಅದ್ವೈತದ ಬಗ್ಗೆ ಇಪ್ಪತ್ತನೆಯ ಶತಮಾನದಲ್ಲಿ ಅತಿ ಹೆಚ್ಚು ಓದಿಸಿಕೊಂಡ ಪುಸ್ತಕಗಳಲ್ಲಿ ಅದೂ ಒಂದು.

ಆ ಪುಸ್ತಕದ ಬಹುತೇಕ ಓದುಗರಿಗೆ ನಿಸರ್ಗದತ್ತರು ಯಾವ ಬೇರೂ ಇಲ್ಲದೆ ಮಹಾನಗರದ ಗಲ್ಲಿಯಲ್ಲಿ ತಾನಾಗಿ ಹುಟ್ಟಿಬಂದ ಜ್ಞಾನಿಯಂತೆ ಕಾಣುತ್ತಾರೆ. ಆದರೆ ಆ ಕೋಣೆಯಲ್ಲಿ ನಡೆಯುತ್ತಿದ್ದ ಮಾತಿಗೆ ಒಂದು ವಂಶಾವಳಿಯಿತ್ತು. ಅದರ ಮೂಲ ಹುಡುಕುತ್ತ ಹೋದರೆ ತಲುಪುವುದು ವಿಜಯಪುರ ಜಿಲ್ಲೆಯ ಇಂಚಗೇರಿಗೆ, ಅಲ್ಲಿಂದ ಇನ್ನೂ ಹಿಂದಕ್ಕೆ ಅದೇ ಸೀಮೆಯ ನಿಂಬರಗಿಗೆ. ಆ ದಾರಿಯುದ್ದಕ್ಕೂ ಒಂದು ಜಗಳವೂ ಸಾಗಿಬಂದಿದೆ. ಹುಡುಕುತ್ತಿರುವುದು ಈಗಾಗಲೇ ನಮ್ಮಲ್ಲಿ ಇರುವುದೇ ಆದರೆ ಸಾಧನೆ ಯಾಕೆ ಬೇಕು ಎಂಬುದೇ ಆ ಜಗಳ.

ಹಗ್ಗ ಮತ್ತು ಹಾವಿನ ಹಳೆಯ ಉದಾಹರಣೆಯಿಂದ ಈ ಜಗಳವನ್ನು ಸುಲಭವಾಗಿ ಹಿಡಿಯಬಹುದು. ಮಬ್ಬು ಬೆಳಕಿನಲ್ಲಿ ಬಿದ್ದ ಹಗ್ಗ ಹಾವಾಗಿ ಕಾಣುತ್ತದೆ. ನೋಡಿದವನ ಭಯ ನಿಜ, ಬೆವರು ನಿಜ, ಹಾವು ಮಾತ್ರ ಇಲ್ಲ. ಹಾವನ್ನು ಓಡಿಸಲು ಕೋಲು ತಂದು ಪ್ರಯೋಜನವಿಲ್ಲ, ದೀಪ ತರಬೇಕು. ಬಿಡುಗಡೆ ಕರ್ಮದಿಂದ ಹುಟ್ಟುವ ಫಲವಲ್ಲ, ಜ್ಞಾನದಿಂದ ಮಾತ್ರ ಸಾಧ್ಯ ಎಂದು ಶಂಕರಾಚಾರ್ಯರು ವಾದಿಸಿದ್ದರ ತಿರುಳು ಇದೇ. ಆದರೆ ನಡುಗುವ ಕೈಯಲ್ಲಿ ದೀಪ ನಿಲ್ಲುವುದಿಲ್ಲ ಎಂಬುದೂ ಅಷ್ಟೇ ಹಳೆಯ ಉತ್ತರ. ಮನಸ್ಸು ಮೊದಲು ನಿಲ್ಲಬೇಕು, ಅದಕ್ಕೆ ವರ್ಷಗಟ್ಟಲೆ ಜಪ, ಧ್ಯಾನ ಬೇಕು ಎನ್ನುವವರು ಒಂದು ಕಡೆ. ದೀಪ ಹಚ್ಚುವುದಕ್ಕೆ ವರ್ಷಗಳು ಬೇಕಿಲ್ಲ ಎನ್ನುವವರು ಇನ್ನೊಂದು ಕಡೆ. ವರಾಹೋಪನಿಷತ್ತು ಈ ಎರಡಕ್ಕೂ ಹೆಸರಿಟ್ಟಿದೆ: ವಾಮದೇವನದು ಪಿಪೀಲಿಕಾ ಮಾರ್ಗ, ಶುಕನದು ವಿಹಂಗಮ ಮಾರ್ಗ. ಇರುವೆ ಬೊಡ್ಡೆಯಿಂದ ಹರಿದು ಹಣ್ಣನ್ನು ತಲುಪುತ್ತದೆ, ಹಕ್ಕಿ ನೇರವಾಗಿ ಹಾರಿ ಕೂರುತ್ತದೆ.

ಇಂಚಗೇರಿ ಪರಂಪರೆಯ ಮೊದಲ ಗುರು ಎಂದು ಎಣಿಸುವುದು ನಿಂಬರಗಿ ಮಹಾರಾಜರನ್ನು. ಗುರುಲಿಂಗಜಂಗಮ ಮಹಾರಾಜ ಎಂಬುದು ಅವರ ಇನ್ನೊಂದು ಹೆಸರು. ಅವರು ಹುಟ್ಟಿದ್ದು 1789ರಲ್ಲಿ, ಲಿಂಗಾಯತ ಮನೆತನದಲ್ಲಿ. ಕೊಲ್ಹಾಪುರದ ಬಳಿಯ ಸಿದ್ಧಗಿರಿಯಲ್ಲಿ, ಕಾಡಸಿದ್ಧೇಶ್ವರ ಪೀಠದ ಪರಂಪರೆಯಿಂದ, ಅವರಿಗೆ ನಾಮೋಪದೇಶವಾಯಿತು ಎನ್ನುತ್ತದೆ ಸಂಪ್ರದಾಯ. ಅವರ ಬೋಧೆ ಕನ್ನಡದ್ದು. 'ಬೋಧಸುಧೆ' ಎಂಬ ಹೆಸರಿನಲ್ಲಿ ಅದು ಉಳಿದುಬಂದಿದೆ.

ಅವರ ಶಿಷ್ಯಪರಂಪರೆಗೆ ಸೇರಿದವರು ಉಮದಿಯ ಭಾವುಸಾಹೇಬ ಮಹಾರಾಜರು (1843–1914). ಹುಟ್ಟುಹೆಸರು ವೆಂಕಟೇಶ ಖಂಡೇರಾವ್ ದೇಶಪಾಂಡೆ. ಹತ್ತೊಂಬತ್ತನೆಯ ಶತಮಾನದಲ್ಲಿ ಒಬ್ಬ ದೇಶಸ್ಥ ಬ್ರಾಹ್ಮಣ ಲಿಂಗಾಯತ ಸಂತನನ್ನು ಗುರುವಾಗಿ ಸ್ವೀಕರಿಸುವುದು ಸಣ್ಣ ವಿಷಯವಾಗಿರಲಿಲ್ಲ. ಭಾಷೆಯೂ ಇಲ್ಲಿ ಗೋಡೆಯಾಗಲಿಲ್ಲ. ನಿಂಬರಗಿ ಮಹಾರಾಜರ ಕನ್ನಡ ಬೋಧೆಯೂ ಸಮರ್ಥ ರಾಮದಾಸರ 'ದಾಸಬೋಧ'ವೂ ಈ ಪರಂಪರೆಯಲ್ಲಿ ಅಕ್ಕಪಕ್ಕ ಕೂತವು. 1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ಇಂಚಗೇರಿ ಈ ಕಡೆ ಉಳಿಯಿತು, ಉಮದಿ ಆ ಕಡೆ ಹೋಯಿತು. ಇಂದು ಉಮದಿ ಇರುವುದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿ.

ಭಾವುಸಾಹೇಬರು 1885ರಲ್ಲಿ ಇಂಚಗೇರಿಯಲ್ಲಿ ಮಠ ಕಟ್ಟಿದರು. ಅವರದು ಸ್ಪಷ್ಟವಾಗಿ ಇರುವೆಯ ದಾರಿ. ಗುರು ಕೊಟ್ಟ ನಾಮವನ್ನು ದಿನಕ್ಕೆ ಹಲವು ಗಂಟೆ ಧ್ಯಾನಿಸಬೇಕು, ಮುಂಜಾನೆ, ಮಧ್ಯಾಹ್ನ, ರಾತ್ರಿ ಭಜನೆ ತಪ್ಪಬಾರದು, ಸಂಸಾರ ಬಿಡಬೇಕಿಲ್ಲ. ಹೊಲ, ಅಂಗಡಿ, ಕಚೇರಿ ಎಲ್ಲವೂ ಇರಲಿ, ನಾಮ ಮಾತ್ರ ಬಿಡಬಾರದು. ಅವರ ಶಿಷ್ಯರಲ್ಲಿ ರೈತರು, ಶ್ಯಾನುಭೋಗರು, ಮೇಷ್ಟ್ರುಗಳು ಇದ್ದರು. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ರಾಮಚಂದ್ರ ದತ್ತಾತ್ರೇಯ ರಾನಡೆ ಎಂಬ ಹುಡುಗ 1901ರಲ್ಲಿ ಅವರಿಂದ ನಾಮ ಪಡೆದ. ಆ ಹುಡುಗ ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕನಾದ, ಉಪನಿಷತ್ತುಗಳ ತತ್ತ್ವವನ್ನು ಕುರಿತು 1926ರಲ್ಲಿ ಹೆಸರಾಂತ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿದ. ಮಾಯಾವಾದವನ್ನು ಶಂಕರರು ಹೊರಗಿನಿಂದ ತಂದರು ಎಂಬ ವಾದಕ್ಕೆ ಉತ್ತರವಾಗಿ, ಅದರ ಬೀಜಗಳು ಉಪನಿಷತ್ತುಗಳಲ್ಲೇ ಇವೆ ಎಂದು ಆ ಗ್ರಂಥದಲ್ಲಿ ತೋರಿಸಿದ್ದಾರೆ. ಇಷ್ಟೆಲ್ಲ ವಿದ್ವತ್ತಿದ್ದ ಗುರುದೇವ ರಾನಡೆಯವರು ಕೊನೆತನಕ ನಂಬಿದ್ದು ನಾಮಸ್ಮರಣೆಯನ್ನೇ. ಇಂಡಿ ಸೀಮೆಯ ನಿಂಬಾಳದಲ್ಲಿ ಆಶ್ರಮ ಮಾಡಿಕೊಂಡು ಧ್ಯಾನದಲ್ಲಿ ಕಾಲ ಕಳೆದು, 1957ರಲ್ಲಿ ಅಲ್ಲೇ ದೇಹ ಬಿಟ್ಟರು. ಗ್ರಂಥ ಬರೆದವರೇ ಗ್ರಂಥ ಸಾಲದು ಎಂದು ಬಾಳಿ ತೋರಿಸಿದರು.

ಅದೇ ಭಾವುಸಾಹೇಬರ ಇನ್ನೊಬ್ಬ ಶಿಷ್ಯ ಬೇರೆ ತೀರ್ಮಾನಕ್ಕೆ ಬಂದರು. ಸೊಲ್ಲಾಪುರ ಸೀಮೆಯ ಪಾಥ್ರಿಯಲ್ಲಿ 1888ರಲ್ಲಿ ಹುಟ್ಟಿದ ಸಿದ್ಧರಾಮೇಶ್ವರರು ವಿಜಯಪುರದಲ್ಲಿ ಮಾರವಾಡಿ ವ್ಯಾಪಾರಿಯೊಬ್ಬರ ಲೆಕ್ಕಪತ್ರ ಬರೆಯುತ್ತಿದ್ದರು. ಭಾವುಸಾಹೇಬರನ್ನು ಅವರು ಕಂಡದ್ದು 1906ರಲ್ಲಿ. ಗುರು ತೀರಿಕೊಂಡ ಮೇಲೂ ಗುರು ಹೇಳಿದ ಧ್ಯಾನವನ್ನು ಹಟದಿಂದ ನಡೆಸಿದರು. 1920ರ ಹೊತ್ತಿಗೆ ಅವರಿಗೆ ಅನ್ನಿಸಿದ್ದು ಇಷ್ಟು: ಧ್ಯಾನವೂ ಒಂದು ಹಂತ, ಅದನ್ನೂ ದಾಟಿ ಹೋಗಬೇಕು. ಈ ಮಾತು ಗುರುಬಂಧುಗಳಿಗೆ ಒಪ್ಪಿಗೆಯಾಗಲಿಲ್ಲ. ಭಾವುಸಾಹೇಬರು ಹೇಳಿದ್ದು ಧ್ಯಾನವೇ, ಅದರ ಆಚೆಗೆ ಇನ್ನೇನಿದೆ ಎಂದು ಅವರು ಕೇಳಿದರು. ಸಿದ್ಧರಾಮೇಶ್ವರರು ಅವರಿಂದ ಬೇರೆಯಾದರು. ತಮ್ಮ ದಾರಿಯನ್ನು ವಿಹಂಗಮ ಮಾರ್ಗ ಎಂದೇ ಕರೆದರು.

ಅವರು ಹೇಳಿಕೊಟ್ಟದ್ದು ವಿಚಾರದ ಕ್ರಮ. ಮನುಷ್ಯನಿಗೆ ನಾಲ್ಕು ದೇಹಗಳಿವೆ ಎಂದು ಎಣಿಸಿ, ಒಂದೊಂದನ್ನೂ 'ಇದು ನಾನೋ?' ಎಂದು ಕೇಳಿ ಪಕ್ಕಕ್ಕಿಡುತ್ತ ಹೋಗುವುದು. ಕಣ್ಣಿಗೆ ಕಾಣುವ ಈ ಒಡಲು ಸ್ಥೂಲ. 'ನನ್ನ ಕೈ' ಎನ್ನುತ್ತೇವಾದ್ದರಿಂದ ಕೈ ನಾನಲ್ಲ. ಮನಸ್ಸು, ಬುದ್ಧಿ, ಇಂದ್ರಿಯಗಳು ಸೂಕ್ಷ್ಮ. 'ನನ್ನ ಮನಸ್ಸು ಸರಿಯಿಲ್ಲ' ಎಂದು ಹೇಳುವವನು ಮನಸ್ಸಾಗಿರಲಾರ. ಇವೆರಡನ್ನೂ ತೆಗೆದಿಟ್ಟರೆ ಏನೂ ತೋಚದ ಖಾಲಿತನ ಎದುರಾಗುತ್ತದೆ, ಗಾಢನಿದ್ರೆಯ ಹಾಗೆ. ಅದು ಕಾರಣದೇಹ, ಅದರ ಸ್ವರೂಪ ಮರೆವು. ಬಹಳ ಜನ ಇಲ್ಲಿಂದ ಹೆದರಿ ಹಿಂದಿರುಗುತ್ತಾರೆ, ಇಲ್ಲವೇ ಇದನ್ನೇ ಸಮಾಧಿ ಎಂದುಕೊಳ್ಳುತ್ತಾರೆ. ಆದರೆ ಏನೂ ಇರಲಿಲ್ಲ ಎಂಬುದನ್ನು ತಿಳಿದದ್ದು ಯಾರು? ಆ ತಿಳಿವು, 'ನಾನಿದ್ದೇನೆ' ಎಂಬ ಬರಿಯ ಅರಿವು, ಮಹಾಕಾರಣ ದೇಹ. ಸಿದ್ಧರಾಮೇಶ್ವರರ ಮುಖ್ಯ ಮಾತು ಇದರ ಮುಂದಿದೆ. ಅರಿವು ಎಂಬುದು ಮರೆವಿನ ಎದುರಾಗಿ ಹುಟ್ಟಿದ್ದು. ಮರೆವು ಹೋದ ಮೇಲೆ ಅದನ್ನು ಓಡಿಸಲು ಬಂದ ಅರಿವಿಗೂ ಕೆಲಸವಿಲ್ಲ. ಅದನ್ನೂ ಬಿಟ್ಟಾಗ ಉಳಿಯುವುದಕ್ಕೆ ಹೆಸರಿಲ್ಲ, ಅದನ್ನು ಪರಬ್ರಹ್ಮ ಎನ್ನುವುದೂ ಮಾತಿನ ಅನುಕೂಲಕ್ಕೆ.

ಅರಿವು, ಮರೆವು ಎಂಬ ಜೋಡಿ ಕನ್ನಡಿಗರ ಕಿವಿಗೆ ಹೊಸದಲ್ಲ. ವಚನಕಾರರು, ಅದರಲ್ಲೂ ಅಲ್ಲಮಪ್ರಭು, ಈ ಎರಡು ಮಾತುಗಳನ್ನು ಎಂಟು ನೂರು ವರ್ಷಗಳ ಹಿಂದೆಯೇ ಉಜ್ಜಿ ಉಜ್ಜಿ ಹೊಳೆಯಿಸಿದ್ದರು. ಸಿದ್ಧರಾಮೇಶ್ವರರು ಮಾತಾಡಿದ್ದು ಮರಾಠಿಯಲ್ಲಿ, ಅರ್ಥ ಹೇಳಿದ್ದು 'ದಾಸಬೋಧ'ಕ್ಕೆ. ಆದರೂ ಈ ಪರಂಪರೆ ಲಿಂಗಾಯತ ಗುರುವಿನಿಂದ ಹೊರಟದ್ದು ಎಂಬುದನ್ನು ನೆನೆದರೆ, ಅವರ ನಾಲ್ಕು ದೇಹಗಳ ಲೆಕ್ಕ ಕನ್ನಡಿಗರಿಗೆ ಪರಕೀಯವೆನಿಸದು.

ಮುಂಬಯಿಯಲ್ಲಿ ಸಿದ್ಧರಾಮೇಶ್ವರರ ಪ್ರವಚನಕ್ಕೆ ಸೇರುತ್ತಿದ್ದವರು ಹೆಚ್ಚಾಗಿ ಗುಮಾಸ್ತರು, ಸಣ್ಣ ವ್ಯಾಪಾರಿಗಳು. 1933ರಲ್ಲಿ ಸ್ನೇಹಿತರೊಬ್ಬರು ಒತ್ತಾಯದಿಂದ ಕರೆತಂದ ಕಾಂಬಳಿಯವರಿಗೆ ಆಗ ಮೂವತ್ತಾರು ವರ್ಷ. 'ನಾನಿದ್ದೇನೆ' ಎಂಬ ಅರಿವನ್ನು ಹಿಡಿದುಕೊಂಡಿರು, ಅದರಿಂದ ಕದಲಬೇಡ ಎಂದರು ಗುರು. ಬೀಡಿ ಮಾರುತ್ತಲೇ ಕಾಂಬಳಿ ಅದನ್ನು ಮಾಡಿದರು. ಸುಮಾರು ಮೂರು ವರ್ಷ ಸಾಕಾಯಿತು ಎಂದು ಮುಂದೆ ಅವರೇ ಹೇಳುತ್ತಿದ್ದರು. ಪ್ರವಚನಗಳನ್ನು ಬರೆದಿಟ್ಟುಕೊಂಡವರೂ ಅವರೇ. 1936ರ ನವೆಂಬರಿನಲ್ಲಿ ಗುರು ತೀರಿಕೊಂಡರು. ಮರುವರ್ಷ ಕಾಂಬಳಿ ಮನೆ, ವ್ಯಾಪಾರ ಎಲ್ಲ ಬಿಟ್ಟು ಹಿಮಾಲಯದತ್ತ ಹೊರಟರು. ದಾರಿಯಲ್ಲಿ ಗುರುಬಂಧುವೊಬ್ಬರ ಮಾತು ಅವರನ್ನು ತಡೆಯಿತು. ಸಂಸಾರದೊಳಗಿದ್ದೇ ಅಂಟದೆ ಇರುವುದು ಹೆಚ್ಚಿನದೆಂದು ಮನಗಂಡು 1938ರಲ್ಲಿ ಖೇತವಾಡಿಗೆ ಮರಳಿದರು. ಹಲವು ಅಂಗಡಿಗಳಲ್ಲಿ ಒಂದು ಮಾತ್ರ ಉಳಿದಿತ್ತು. ಅದೇ ಸಾಕಾಯಿತು.

ಅವರ ಮಾತನ್ನು ಜಗತ್ತಿಗೆ ತಲುಪಿಸಿದ ಮಾರಿಸ್ ಫ್ರೀಡ್‌ಮನ್‌ಗೂ ಕರ್ನಾಟಕಕ್ಕೂ ನಂಟಿದೆ. ವಾರ್ಸಾದ ಯಹೂದಿ ಕುಟುಂಬದಲ್ಲಿ ಹುಟ್ಟಿದ ಈ ಎಂಜಿನಿಯರು 1930ರ ದಶಕದಲ್ಲಿ ಮೈಸೂರು ಸಂಸ್ಥಾನದ ವಿದ್ಯುತ್ ಉಪಕರಣಗಳ ಕಾರ್ಖಾನೆಯನ್ನು ನಡೆಸಲು ಬೆಂಗಳೂರಿಗೆ ಬಂದವರು. ರಮಣ ಮಹರ್ಷಿಗಳ ಬಳಿ ಕೂತು ಪ್ರಶ್ನೆ ಕೇಳಿದರು, ಗಾಂಧೀಜಿಯ ಜೊತೆ ಚರಕದ ಸುಧಾರಣೆಗೆ ದುಡಿದರು, ಔಂಧ್ ಸಂಸ್ಥಾನದಲ್ಲಿ ರಾಜನ ಅಧಿಕಾರವನ್ನು ಹಳ್ಳಿಗಳಿಗೆ ಒಪ್ಪಿಸುವ ಪ್ರಯೋಗದಲ್ಲಿ ಪಾಲ್ಗೊಂಡರು. ಕೊನೆಗೆ ಖೇತವಾಡಿಯ ಕೋಣೆಯಲ್ಲಿ ಮರಾಠಿ ಸಂಭಾಷಣೆಗಳನ್ನು ಧ್ವನಿಮುದ್ರಿಸಿ ಇಂಗ್ಲಿಷಿಗೆ ತಂದರು.

ಜಗತ್ತು ಮಾಯೆ ಎನ್ನುವವರು ಜಗತ್ತಿನ ನೋವಿಗೆ ಬೆನ್ನು ತಿರುಗಿಸುತ್ತಾರೆ ಎಂಬುದು ಅದ್ವೈತದ ಮೇಲಿನ ಹಳೆಯ ಆರೋಪ. ಫ್ರೀಡ್‌ಮನ್ ಬದುಕು ಅದಕ್ಕೆ ಒಂದು ಉತ್ತರವಾದರೆ ಇಂಚಗೇರಿ ಮಠದ ಚರಿತ್ರೆ ಇನ್ನೊಂದು. ಮಠದ ಮಾಧವಾನಂದ ಪ್ರಭುಜಿಯವರು ಸ್ವಾತಂತ್ರ್ಯ ಹೋರಾಟಕ್ಕೆ ಇಳಿದರು. ಆಮೇಲೆ ಜಾತಿ ನೋಡದೆ ಮದುವೆಗಳನ್ನು ಮಾಡಿಸಿದರು. ಎಲ್ಲರಲ್ಲಿರುವ ಅರಿವು ಒಂದೇ ಎಂದು ಭಜನೆಯಲ್ಲಿ ಹಾಡಿ, ಹೆಣ್ಣು ಕೊಡುವಾಗ ಜಾತಿ ಕೇಳಿದರೆ ಆ ಭಜನೆಗೆ ಅರ್ಥವೇನು ಎಂಬ ಪ್ರಶ್ನೆ ಅವರ ಕೆಲಸದಲ್ಲೇ ಇತ್ತು.

ಹಕ್ಕಿಯ ದಾರಿಯ ಮೇಲೂ ಒಂದು ಆಕ್ಷೇಪವಿದೆ, ಅದು ಇಂದಿಗೂ ಹಳತಾಗಿಲ್ಲ. ತಿಳಿದರೆ ಸಾಕು ಎನ್ನುವ ಬೋಧೆ ಬಲುಬೇಗ ಬರಿಯ ಮಾತಾಗಿಬಿಡುತ್ತದೆ. ಪುಸ್ತಕ ಓದಿ 'ನಾನು ದೇಹವಲ್ಲ' ಎನ್ನುವುದು ಕಷ್ಟವಲ್ಲ, ಹಲ್ಲು ನೋವು ಬಂದಾಗ ಗೊತ್ತಾಗುತ್ತದೆ. ನಿಸರ್ಗದತ್ತರಿಗೆ ಆ ಪರೀಕ್ಷೆ ಗಂಟಲಿನ ಕ್ಯಾನ್ಸರಿನ ರೂಪದಲ್ಲಿ ಬಂತು. ಕೊನೆಯ ತಿಂಗಳುಗಳ ಅವರ ಮಾತು ಇನ್ನಷ್ಟು ಕಟುವಾಯಿತು. ಮೊದಲು ಹಿಡಿದುಕೋ ಎಂದಿದ್ದ 'ನಾನಿದ್ದೇನೆ' ಎಂಬ ಅರಿವು ಕೂಡ ಅನ್ನದಿಂದ ಬೆಳೆದ ಒಡಲನ್ನು ನೆಚ್ಚಿಕೊಂಡದ್ದು, ಕೇಳದೆ ಬಂದದ್ದು, ಹೇಳದೆ ಹೋಗುವಂಥದ್ದು ಎಂದರು. ನೋವಿದೆ, ಅದು ದೇಹದ್ದು. ಅರಿವು ಬರುವ ಮೊದಲು ಏನಿತ್ತೋ ಅದಕ್ಕೆ ರೋಗವಿಲ್ಲ. ಗುರು ಹೇಳಿದ್ದ ಐದನೆಯ ಹೆಜ್ಜೆಯನ್ನೇ ಅವರು ಹಾಸಿಗೆ ಹಿಡಿಯುವ ತನಕ ಹೇಳುತ್ತಿದ್ದರು. 1981ರ ಸೆಪ್ಟೆಂಬರ್ 8ರಂದು ತೀರಿಕೊಂಡರು.

ಪುಸ್ತಕದಲ್ಲಿ ಅಷ್ಟಾಗಿ ಕಾಣದ ಒಂದು ಸಂಗತಿಯನ್ನು ಆ ಕೋಣೆಗೆ ಹೋಗಿಬಂದವರು ಹೇಳುತ್ತಾರೆ. ಅಲ್ಲಿ ದಿನಕ್ಕೆ ಹಲವು ಸಲ ಭಜನೆ ನಡೆಯುತ್ತಿತ್ತು, ತಾಳ ಬಾರಿಸಿಕೊಂಡು, ಗುರುಗಳ ಚಿತ್ರಗಳಿಗೆ ಆರತಿ ಎತ್ತಿ. ಎಲ್ಲವೂ ಮಾಯೆ ಎಂದವರು ಭಜನೆಯನ್ನೇಕೆ ಬಿಡಲಿಲ್ಲ ಎಂದು ವಿದೇಶೀಯರು ಬೆರಗಾಗುತ್ತಿದ್ದರು. ಭಾವುಸಾಹೇಬರು ಇಂಚಗೇರಿಯಲ್ಲಿ ಹಾಕಿಕೊಟ್ಟ ಪದ್ಧತಿ ಅದು. ಸಿದ್ಧರಾಮೇಶ್ವರರು ಕೂಡ ಜ್ಞಾನವಾದ ಮೇಲೆ ಗುರುಭಕ್ತಿ ಬಿಡಬಾರದು ಎಂದು ಒತ್ತಿ ಹೇಳಿದ್ದರು. ಹಕ್ಕಿಯ ದಾರಿಯನ್ನು ಕಂಡವರು ಮೊದಲು ಹಲವು ವರ್ಷ ಇರುವೆಯಾಗಿ ನಡೆದಿದ್ದರು. ಹಾರಲು ಕಲಿತ ಮೇಲೂ ಆ ನಡಿಗೆಯನ್ನು ತಮ್ಮ ಮನೆಯಲ್ಲಿ ಉಳಿಸಿಕೊಂಡರು. 1920ರಲ್ಲಿ ಬೇರೆಯಾದ ಎರಡು ದಾರಿಗಳ ನಡುವೆ ಎಷ್ಟು ದೂರವಿತ್ತು ಎಂಬುದನ್ನು ಅಳೆಯುವಾಗ ಇದನ್ನು ಮರೆಯುವಂತಿಲ್ಲ.

ಮುಂಬಯಿಯಿಂದ ಗದಗಕ್ಕೆ ಹೋಗುವ ರೈಲು ಸೊಲ್ಲಾಪುರ ದಾಟಿ ವಿಜಯಪುರ ಸೇರುವ ಮೊದಲು ನಿಂಬಾಳವನ್ನು ಹಾದುಹೋಗುತ್ತದೆ. ಹಳಿಯ ಎರಡೂ ಬದಿಗೆ ಕಪ್ಪು ಮಣ್ಣಿನ ಬಯಲು, ಜೋಳದ ಹೊಲ. ನಿಂಬರಗಿ, ಇಂಚಗೇರಿ, ಉಮದಿ ಎಲ್ಲವೂ ಆ ಬಯಲಿನ ಪಶ್ಚಿಮಕ್ಕೆ ಇವೆ. ಖೇತವಾಡಿಯ ಅಟ್ಟದಲ್ಲಿ ಹಲವು ದೇಶದವರು ಕೇಳಿದ ಮಾತು ಮೊದಲು ಹೊರಟದ್ದು ಅಲ್ಲಿಂದ.