ರಾಗಿ ಸರಿ, ಮೊಸರು ಮತ್ತು ಕೂಸಿನ ಕರುಳು

ಬಿಕ್ಕೋಡಿನ ಸುತ್ತಿನ ತೋಟಗಳಲ್ಲಿ ಕಾಫಿ ಕೊಯ್ಲು ಬಿರುಸಾದಾಗ ಎಂಟು ತಿಂಗಳ ಕೂಸನ್ನು ಅಜ್ಜಿಯ ಬಳಿಯೋ ಅಕ್ಕನ ಬಳಿಯೋ ಬಿಟ್ಟು ತಾಯಿ ಕೆಲಸಕ್ಕೆ ಹೊರಡುತ್ತಾಳೆ. ಬೆಳಿಗ್ಗೆ ಕಾಯಿಸಿದ ರಾಗಿ ಸರಿ ಮಧ್ಯಾಹ್ನದವರೆಗೂ ಪಾತ್ರೆಯಲ್ಲೇ ಕೂತಿರುತ್ತದೆ. ಎದೆಹಾಲಿನ ಜೊತೆಗೆ ಬೇರೆ ಊಟ ಸೇರುವ ಈ ಕಾಲದಲ್ಲೇ, ಆರು ತಿಂಗಳಿಂದ ಎರಡು ವರ್ಷದೊಳಗೆ, ಬಡವರ ಮಕ್ಕಳ ಬೆಳವಣಿಗೆ ಕುಂಠಿತವಾಗುವುದು ಹೆಚ್ಚು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ. 35.4ರಷ್ಟು ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿರಲಿಲ್ಲ. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 36.2 ಇತ್ತು. ಇದು ತಡೆಯಬಹುದಾದ ಅನ್ಯಾಯ ಎಂದೇ ನಾನು ನಂಬಿದ್ದೇನೆ.

ಇದನ್ನು ತಡೆಯುವಲ್ಲಿ ಊಟದ ಜೊತೆಗೆ ಕರುಳಿನ ಬ್ಯಾಕ್ಟೀರಿಯಾದ ಪಾತ್ರವೂ ಇರಬಹುದು. ಆ ಒಳ್ಳೆಯ ಬ್ಯಾಕ್ಟೀರಿಯಾದ ಕಥೆ ಪ್ಯಾರಿಸಿನಲ್ಲಿ ಶುರುವಾಯಿತು. ಎದೆಹಾಲು ಕುಡಿಯುವ ಶಿಶುಗಳ ಮಲದಲ್ಲಿ ಬಿಫಿಡೊಬ್ಯಾಕ್ಟೀರಿಯಾ ಇರುವುದನ್ನು 1900ರ ಆಸುಪಾಸಿನಲ್ಲಿ ಪಾಶ್ಚರ್ ಸಂಸ್ಥೆಯ ಹೆನ್ರಿ ಟಿಸಿಯೆ ಕಂಡರು. ಅದೇ ಸಂಸ್ಥೆಯ ಮೆಚ್ನಿಕಾಫ್ ಹುಳಿಹಾಲು ಆಯುಷ್ಯ ಹೆಚ್ಚಿಸುತ್ತದೆ ಎಂದರು. ಮುಂದೆ ದಶಕಗಳ ಕಾಲ ಬಡಮಕ್ಕಳ ಪೋಷಣೆಯ ಚರ್ಚೆಯಲ್ಲಿ ಕರುಳಿನ ಜೀವಿಗಳಿಗೆ ಜಾಗ ಸಿಗಲಿಲ್ಲ. ಪ್ರೋಟೀನು, ಕ್ಯಾಲೊರಿಗಳೇ ಮುಖ್ಯವಾಗಿದ್ದವು.

ಆ ಕಾಲದಲ್ಲಿ ನಮ್ಮ ಮೈಸೂರು ಮಾಡಿದ ಕೆಲಸ ದೊಡ್ಡದು. 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ (ಸಿಎಫ್‌ಟಿಆರ್‌ಐ) ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಸಿಕಾಚಾರ್ ಅವರು ಮೊಳಕೆ ಕಟ್ಟಿದ ರಾಗಿ ಮತ್ತು ಹೆಸರುಕಾಳಿನ ಶಿಶು ಆಹಾರದ ಬಗ್ಗೆ 1982ರಲ್ಲಿ ಪ್ರಬಂಧ ಪ್ರಕಟಿಸಿದರು. ಕೂಸಿನ ಹೊಟ್ಟೆ ಚಿಕ್ಕದು. ಹಿಟ್ಟು ಬೆಂದರೆ ಗಟ್ಟಿಯಾಗುತ್ತದೆ, ನುಂಗಲೆಂದು ನೀರು ಸೇರಿಸಿದರೆ ಹೊಟ್ಟೆ ತುಂಬಿದರೂ ಶಕ್ತಿ ಸಾಲದು. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ, ಹೆಚ್ಚು ಹಿಟ್ಟು ಹಾಕಿದರೂ ಸರಿ ತೆಳ್ಳಗಿರುತ್ತದೆ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಹುರಿದು ಬೀಸುತ್ತಿದ್ದ ನಮ್ಮ ಅಜ್ಜಿಯರಿಗೆ ಕಿಣ್ವದ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಆದರೆ ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ. ಕೊಳಕು ಮತ್ತೆ ಮತ್ತೆ ಹೊಟ್ಟೆ ಸೇರಿದರೆ ಭೇದಿ ಕಾಣದಿದ್ದರೂ ಕರುಳಿನ ಒಳಪದರ ಸವೆಯುತ್ತದೆ, ಆಹಾರ ಹೀರುವ ಬಲ ಕುಗ್ಗುತ್ತದೆ. ಹಾಗಾದರೆ ನೀರು, ಶೌಚಾಲಯ ಸರಿಮಾಡಿದರೆ ಸಾಕೆ? ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಗಳಲ್ಲಿ ನಡೆದ ದೊಡ್ಡ ಪ್ರಯೋಗಗಳಲ್ಲಿ ಅವುಗಳಿಂದ ಮಾತ್ರ ಮಕ್ಕಳ ಎತ್ತರ ಹೆಚ್ಚಲಿಲ್ಲ. ಮನೆಗೊಂದು ಶೌಚಾಲಯ ಬಂದ ಮಾತ್ರಕ್ಕೆ ಕೂಸು ತೆವಳುವ ಅಂಗಳದ ಕೊಳಕು ಹೋಗದು.

ಗಮನ ಮತ್ತೆ ಬ್ಯಾಕ್ಟೀರಿಯಾದ ಕಡೆ ಹೊರಳಿತು. ಒಡಿಶಾದ ಹಳ್ಳಿಗಳಲ್ಲಿ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ನವಜಾತ ಶಿಶುಗಳ ಮೇಲೆ ನಡೆದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಏಳು ದಿನ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟರಮ್ ಮತ್ತು ಅದನ್ನು ಪೋಷಿಸುವ ಸಕ್ಕರೆ ಕೊಟ್ಟಾಗ, ಸೋಂಕಿನ ನಂಜು ಅಥವಾ ಸಾವು ಶೇ. 9ರಿಂದ 5.4ಕ್ಕೆ ಇಳಿಯಿತು. ಇದು ನವಜಾತ ಶಿಶುಗಳ ಉಳಿವಿನ ಫಲ. ಊಟ ಶುರುವಾದ ಕೂಸಿನ ಬೆಳವಣಿಗೆಗೂ ಇದೇ ಸಾಕ್ಷಿ ಎಂದು ಇಂಥ ಬ್ಯಾಕ್ಟೀರಿಯಾ ಮಾರುವ ಡಬ್ಬಿಯ ಮೇಲೆ ಬರೆಯುವುದು ತಪ್ಪು.

ನನಗೆ ಹೆಚ್ಚು ಭರವಸೆ ಕೊಡುವುದು ಢಾಕಾದ ಕೆಲಸ. ತಹಮೀದ್ ಅಹ್ಮದ್ ಮತ್ತು ಅಮೆರಿಕದ ಜೆಫ್ರಿ ಗಾರ್ಡನ್ ತಂಡ, ಅಪೌಷ್ಟಿಕ ಮಕ್ಕಳ ಕರುಳಿನ ಜೀವಿಸಮೂಹ ವಯಸ್ಸಿಗೆ ತಕ್ಕಂತೆ ಬಲಿತಿಲ್ಲ ಎಂದು 2014ರಲ್ಲಿ ತೋರಿಸಿತು. ಆಮೇಲೆ ಬ್ಯಾಕ್ಟೀರಿಯಾ ನುಂಗಿಸುವ ಬದಲು ಅವುಗಳಿಗೆ ಊಟ ಹಾಕಿದರು: ಕಡಲೆ, ಸೋಯಾ, ಕಡಲೆಕಾಯಿ, ಬಾಳೆಕಾಯಿ. ಇದನ್ನು ಮೂರು ತಿಂಗಳು ತಿಂದ ಢಾಕಾದ ಮೀರ್‌ಪುರ ಕೊಳೆಗೇರಿಯ ಮಕ್ಕಳು, ಹೆಚ್ಚು ಕ್ಯಾಲೊರಿಯ ರೂಢಿಯ ಪೂರಕಾಹಾರ ತಿಂದವರಿಗಿಂತ ಚೆನ್ನಾಗಿ ತೂಕ ಪಡೆದರು ಎಂಬ ಫಲ 2021ರಲ್ಲಿ ಬಂತು. ಆ ಪಟ್ಟಿಯಲ್ಲಿ ಬಿಕ್ಕೋಡಿನ ಸಂತೆಗೆ ಹೊಸದೇನಿದೆ?

ಹಾಗಾದರೆ ಮನೆಯ ಮೊಸರು? ಅದನ್ನು ಪ್ರೊಬಯಾಟಿಕ್, ಅಂದರೆ ಆರೋಗ್ಯಕ್ಕೆ ಪ್ರಯೋಜನ ಕೊಡುವ ಜೀವಂತ ಬ್ಯಾಕ್ಟೀರಿಯಾ, ಎನ್ನಲಾಗದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ (ಡಿಬಿಟಿ) 2011ರ ಮಾರ್ಗಸೂಚಿಯಂತೆ ತಳಿ ಗುರುತಾಗಿರಬೇಕು, ಪ್ರಯೋಜನ ಸಾಬೀತಾಗಿರಬೇಕು. ನಮ್ಮ ಹೆಪ್ಪು ಮನೆಯಿಂದ ಮನೆಗೆ ಬೇರೆ. ಹಾಗೆಂದು ಮೊಸರು ಕೈಬಿಡಬೇಕಾಗಿಲ್ಲ: ಅದು ಒಳ್ಳೆಯ ಊಟ. ಸರಿ ಆರಿ ಉಗುರು ಬೆಚ್ಚಗಾದ ಮೇಲೆ ಬೆರೆಸಬೇಕು, ಕುದಿಯುವ ಪಾತ್ರೆಗೆ ಹಾಕಿದರೆ ಬ್ಯಾಕ್ಟೀರಿಯಾ ಸಾಯುತ್ತವೆ. ಈ ಊಟದ ಜೊತೆಗೆ ಎದೆಹಾಲೂ ಎರಡು ವರ್ಷದವರೆಗೆ ಮುಂದುವರಿಯಲಿ. ಅದರಲ್ಲಿರುವ ವಿಶೇಷ ಸಕ್ಕರೆಗಳೇ ಬಿಫಿಡೊಬ್ಯಾಕ್ಟೀರಿಯಾದ ಮೇವು.

ಆದರೆ ಎದೆಹಾಲು ಕುಡಿಸಲು ತಾಯಿ ಹತ್ತಿರ ಇರಬೇಕು. ಐವತ್ತು ಮಹಿಳಾ ಕಾರ್ಮಿಕರಿರುವ ತೋಟದಲ್ಲಿ ಕೂಸುಮನೆ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಅಷ್ಟು ಕೆಲಸಗಾರರಿಲ್ಲದ ಸಣ್ಣ ತೋಟಗಳ ತಾಯಂದಿರಿಗೆ ಉಳಿಯುವುದು ಅಂಗನವಾಡಿ. ಅಲ್ಲಿ ಆರು ತಿಂಗಳಿಂದ ಮೂರು ವರ್ಷದ ಮಕ್ಕಳ ಪಾಲನ್ನು ಮನೆಗೆ ಕೊಟ್ಟು ಕಳಿಸುತ್ತಾರೆ. ಮಧ್ಯಾಹ್ನ ಅದನ್ನು ಹೊಸದಾಗಿ ಕಾಯಿಸಿ ಉಣಿಸುವ ಕೈ ಮಾತ್ರ ಆ ಹೊತ್ತಿಗೆ ಕಾಫಿ ಸಾಲಿನಲ್ಲಿ ಹಣ್ಣು ಬಿಡಿಸುತ್ತಿರುತ್ತದೆ.